ಐಸಿ ಎಲ್ಲಿ ಹೋಯ್ತು?

ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಓದಿದವರಿಗೆ ಐಸಿ ನೆನಪಿರುತ್ತದೆ. ಇಂಡಿವಿಜುಯಲ್ ಕಾನ್ಫರೆನ್ಸ್. ವಾರಕ್ಕೊಮ್ಮೆ ಪಾಠ ಹೇಳುವ ಮೇಡಂ ಎದುರು ಒಬ್ಬರೇ ಕೂತು ಫೀಲ್ಡ್‌ವರ್ಕ್ ವರದಿ ತೋರಿಸುವುದು. ನಮ್ಮ ಮೇಡಂ ಕೆಂಪು ಪೆನ್ನಲ್ಲಿ ಗೀಚಿ, 'ಆ ಮನೆಯಿಂದ ಹೊರಗೆ ಬಂದಾಗ ನಿನಗೇನನ್ನಿಸಿತು? ಅದನ್ನೂ ಬರಿ' ಅನ್ನುತ್ತಿದ್ದರು. ಆಗ ಅದು ಬರೀ ಕಿರಿಕಿರಿ. ತಪ್ಪಿಸಿಕೊಳ್ಳಲು ಏನೆಲ್ಲ ನೆಪ ಹೇಳಿದ್ದೇವೋ!

ಮಕ್ಕಳ ರಕ್ಷಣೆಯ ಕೆಲಸಕ್ಕೆ ಸೇರಿ ಒಂಬತ್ತು ವರ್ಷ. ಆ ಪ್ರಶ್ನೆಯನ್ನು ಮತ್ತೆ ಯಾರೂ ಕೇಳಿಲ್ಲ.

ಕೇಳುವುದು ಬೇರೆ. ಎಷ್ಟು ಕೇಸ್ ಬಾಕಿ? ಗ್ರೂಪಿಗೆ ಫೋಟೊ ಹಾಕಿದ್ರಾ? 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಸಾಮಾಜಿಕ ತನಿಖೆ, ಅಂದರೆ ಮಗುವಿನ ಮನೆಯ ಸ್ಥಿತಿಗತಿಯ ವಿಚಾರಣೆ, 15 ದಿನದಲ್ಲಿ ಮುಗಿಯಬೇಕು. ಸರಿಯೇ, ಮಗು ಬಾಲಮಂದಿರದಲ್ಲಿ ಕಾಯುತ್ತಿರುತ್ತದೆ. ಆದರೆ ಅದಕ್ಕೆ ಮನೆ, ಶಾಲೆ, ಅಕ್ಕಪಕ್ಕ ಎಲ್ಲ ಸುತ್ತಬೇಕು. ದಿನಕ್ಕೆರಡೇ ಬಸ್ಸಿರುವ ಊರಿಗೆ ನನ್ನ ಸ್ಕೂಟರ್, ನನ್ನ ಪೆಟ್ರೋಲ್. ಟಿಎ (ಪ್ರಯಾಣ ಭತ್ಯೆ) ಬಿಲ್ಲು ಬಂದಾಗ ಬಂತು. 11 ತಿಂಗಳ ಗುತ್ತಿಗೆ, ಒಂದು ದಿನ ಬ್ರೇಕ್, ಮತ್ತೆ ಹೊಸ ಆದೇಶ. ಒಂಬತ್ತು ವರ್ಷವಾದರೂ ಕಾಗದದಲ್ಲಿ ನಾನು ಹೊಸಬಳು.

ಹೋದ ತಿಂಗಳು ಒಂದು ಬಾಲ್ಯವಿವಾಹ ನಿಲ್ಲಿಸಿದೆವು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಬಂದದ್ದು ರಾತ್ರಿ. ಬೆಳಗ್ಗೆ ಚಪ್ಪರದ ಕೆಳಗೆ ಹುಡುಗಿಯ ಅಜ್ಜಿ ಮಣ್ಣು ತೂರಿ ನನಗೆ ಹಿಡಿಶಾಪ ಹಾಕಿದಳು. ಜೀಪಿನಲ್ಲಿ ಹುಡುಗಿ ನನ್ನ ಕೈ ಹಿಡಿದವಳು ಮಕ್ಕಳ ಕಲ್ಯಾಣ ಸಮಿತಿಯ ಬಾಗಿಲವರೆಗೂ ಬಿಡಲಿಲ್ಲ. ಆವತ್ತು ರಾತ್ರಿ ಅನ್ನ ಸೇರಲಿಲ್ಲ. ಗಂಡನಿಗೆ ಹೇಳೋಣವೆಂದರೆ ಮಗುವಿನ ಗುರುತು ಬಿಟ್ಟುಕೊಡುವ ಹಾಗಿಲ್ಲ. ಕೊಡಬಾರದು ಕೂಡ. ಹಾಗಾದ್ರೆ ಯಾರ ಹತ್ತಿರ ಹೇಳೋದು? ನಮ್ಮ ಬಾಯಿ ಕಟ್ಟಿದ ಮೇಲೆ, ಕೇಳುವ ಕಿವಿಯನ್ನೂ ಇಲಾಖೆಯೇ ಕೊಡಬೇಕು, ಅಲ್ವಾ?

ಒತ್ತಡ ನಿವಾರಣೆಯ ಕಾರ್ಯಾಗಾರ ಒಮ್ಮೆ ಆಗಿತ್ತು. ಕಣ್ಣು ಮುಚ್ಚಿ, ಉಸಿರು ಎಳೆಯಿರಿ, ಬಿಡಿ. ಉಪ್ಪಿಟ್ಟು ಚೆನ್ನಾಗಿತ್ತು.

'ಸಮಾಜಸೇವೆಗೆ ಬಂದು ದುಡ್ಡಿನ ಮಾತಾಡ್ತೀರಲ್ಲ' ಅನ್ನುವವರೂ ಇದ್ದಾರೆ. ನನ್ನ ಸ್ಕೂಟರಿಗೆ ಪುಣ್ಯ ಹಾಕಿದರೆ ಓಡಲ್ಲ ಸ್ವಾಮಿ.

ನಾನು ಕೇಳುವುದು ಜಾಸ್ತಿ ಏನಿಲ್ಲ. ಟಿಎ ಆಯಾ ತಿಂಗಳೇ ಬರಲಿ. ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ, ಈ ಕೆಲಸದಲ್ಲಿ ಪಳಗಿದ ಒಬ್ಬರ ಎದುರು ಕೂರಲು ಸಿಗಲಿ. ಆದರೆ ಅವರು ನಮ್ಮ ಗುತ್ತಿಗೆ ಮುಂದುವರಿಸುವ ಅಧಿಕಾರಿಯೇ ಆಗಿರಬಾರದು. ಆ ಅಧಿಕಾರಿಯ ಮುಂದೆ 'ಕೈಲಾಗ್ತಿಲ್ಲ ಸಾರ್' ಅಂತ ಯಾರು ತಾನೇ ಬಾಯಿ ಬಿಟ್ಟಾರು?

ಮೊನ್ನೆ ಮೇಡಂಗೆ ಫೋನ್ ಮಾಡಿದೆ. ರಿಟೈರ್ ಆಗಿದ್ದಾರೆ. ಹೆಸರು, ಊರು ಏನೂ ಹೇಳದೆ ಬರೀ ಆ ಕೈ ಹಿಡಿದದ್ದನ್ನು ಹೇಳಿದೆ. ಸುಮ್ನೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ, 'ಬರೆದಿಟ್ಟಿದ್ದೀಯಾ?' ಅಂದರು.