ಕೈದಿ ಹೊರಗೆ ಕಳಿಸುವ ಪತ್ರವನ್ನು ಜೈಲು ತಡೆಯಬಹುದೇ?

ಪರ: ಓದದೆ ಬಿಡುವುದು ಅಪಾಯ

ಕೋರ್ಟಿನಲ್ಲಿ ಧೈರ್ಯವಾಗಿ ಸಾಕ್ಷಿ ಹೇಳಿದ ಹೆಂಗಸೊಬ್ಬಳಿಗೆ, ಶಿಕ್ಷೆಯಾದವನಿಂದಲೇ ಒಂದು ಪತ್ರ ಬಂತು ಅಂದುಕೊಳ್ಳಿ. ಅದರಲ್ಲಿ ಬೈಗುಳವಿಲ್ಲ, ಬೆದರಿಕೆಯೂ ಇಲ್ಲ. 'ಮಕ್ಕಳು ಈಗ ಯಾವ ಶಾಲೆಗೆ ಹೋಗುತ್ತಿದ್ದಾರೆ?' ಎಂದಷ್ಟೇ ಇದೆ. ಆಕೆಯ ನಿದ್ದೆ ಹಾರಿಹೋಗಲು ಅಷ್ಟು ಸಾಕು, ಅಲ್ವಾ? ಪತ್ರ ತಲುಪಿದ ಮೇಲೆ ಪೊಲೀಸರಿಗೆ ದೂರು ಕೊಡಬಹುದು, ನಿಜ. ಆದರೆ ಅಷ್ಟರಲ್ಲಿ ಹೆದರಿಸುವ ಕೆಲಸ ಮುಗಿದಿರುತ್ತದೆ.

ಒಳಗೆ ಕೂತೇ ಹೊರಗಿನ ಗ್ಯಾಂಗ್ ನಡೆಸುವವರು, ತಪ್ಪಿಸಿಕೊಳ್ಳಲು ಹೊಂಚು ಹಾಕುವವರು ಎಲ್ಲ ದೇಶದಲ್ಲೂ ಇದ್ದಾರೆ. ಭೇಟಿಯ ಹೊತ್ತಿನಲ್ಲಿ ಕಾವಲು ಇರುತ್ತದೆ. ಕಾಗದಕ್ಕೆ ಮಾತ್ರ ಯಾಕೆ ಬೇಡ? ಅಮೆರಿಕದ ಸುಪ್ರೀಂ ಕೋರ್ಟ್ 1974ರಲ್ಲಿ ಕ್ಯಾಲಿಫೋರ್ನಿಯಾ ಜೈಲುಗಳ ಸೆನ್ಸಾರ್ ನಿಯಮಗಳನ್ನು ತಿರಸ್ಕರಿಸಿತು. ಆಗಲೂ ಜೈಲಿನ ಭದ್ರತೆಗಾಗಿ ಪತ್ರ ತಡೆಯುವ ಅಧಿಕಾರವನ್ನು ಅದು ಪೂರ್ತಿ ಕಿತ್ತುಕೊಳ್ಳಲಿಲ್ಲ.

ವಕೀಲರಿಗೆ, ನ್ಯಾಯಾಧೀಶರಿಗೆ ಬರೆದದ್ದನ್ನು ಯಾರೂ ಮುಟ್ಟಬಾರದು. ಉಳಿದದ್ದನ್ನು ಅಧಿಕಾರಿ ಒಮ್ಮೆ ನೋಡಲಿ. ಹೊರಗೆ ಹೆದರಿಕೊಂಡು ಬದುಕುತ್ತಿರುವವರಿಗೆ ಸಮಾಜ ಕೊಡಬೇಕಾದ ಕನಿಷ್ಠ ರಕ್ಷಣೆ ಇದು.

ವಿರೋಧ: ಓದುವವರು ಯಾರು?

ಆ ಹೆಂಗಸಿನ ಭಯ ನಿಜವಾದದ್ದು. ಅದಕ್ಕೆ ದಾರಿಯೂ ಇದೆ. ಆಕೆಯ ವಿಳಾಸಕ್ಕೆ ಆ ಕೈದಿಯ ಪತ್ರ ಹೋಗಕೂಡದು ಎಂದು ಆದೇಶ ಮಾಡಿ. ಅದಕ್ಕಾಗಿ ಇನ್ನೊಬ್ಬ ಕೈದಿ ತನ್ನ ತಾಯಿಗೆ ಬರೆದದ್ದನ್ನು ಓದಬೇಕಿಲ್ಲ.

ನನ್ನನ್ನು ಕಾಡುವುದು ಬೇರೆಯೇ ಪ್ರಶ್ನೆ. ಒಳಗಿನಿಂದ ಹೊರಡುವ ಪತ್ರ ಜಾಸ್ತಿ ತೊಂದರೆ ಕೊಡುವುದು ಯಾರಿಗೆ? ಹಲವು ಸಲ ಅದನ್ನು ಓದುವ ಅಧಿಕಾರಿಗೇ. ಕ್ಯಾಲಿಫೋರ್ನಿಯಾದ ಆ ನಿಯಮಗಳನ್ನೇ ನೋಡಿ. ಅತಿಯಾಗಿ ದೂರುವ, ಕುಂದುಕೊರತೆಗಳನ್ನು ದೊಡ್ಡದು ಮಾಡಿ ಹೇಳುವ ಪತ್ರಗಳಿಗೂ ಅಲ್ಲಿ ತಡೆಯಿತ್ತು. ಇದು ಭದ್ರತೆಯೇ? ಊಟ ಸರಿಯಿಲ್ಲ, ಹೊಡೆದರು ಎಂದು ಬರೆದರೆ ಯಾವ ಗೋಡೆ ಬಿದ್ದುಹೋಗುತ್ತದೆ?

ನಮ್ಮ ದೇಶದ್ದೇ ಒಂದು ಪತ್ರ ನೆನಪಿಸಿಕೊಳ್ಳೋಣ. ತಿಹಾರ್ ಜೈಲಿನ ಕೈದಿ ಸುನಿಲ್ ಬಾತ್ರಾ 1979ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಾಧೀಶರೊಬ್ಬರಿಗೆ ಬರೆದರು. ತನ್ನ ಕಷ್ಟ ಹೇಳಿಕೊಳ್ಳಲು ಅಲ್ಲ. ವಾರ್ಡರ್ ಒಬ್ಬ ಇನ್ನೊಬ್ಬ ಕೈದಿಗೆ ಕೊಟ್ಟ ಕ್ರೂರ ಹಿಂಸೆಯನ್ನು ತಿಳಿಸಲು. ಕೋರ್ಟ್ ಆ ಪತ್ರವನ್ನೇ ಅರ್ಜಿಯೆಂದು ತೆಗೆದುಕೊಂಡಿತು, ಜೈಲಿನೊಳಗಿನ ಹಿಂಸೆಯನ್ನು ವಿಚಾರಿಸಿತು. ನ್ಯಾಯಾಧೀಶರ ವಿಳಾಸವಿದ್ದ ಪತ್ರಕ್ಕೆ ವಿನಾಯಿತಿ ಇದೆ ಎನ್ನಬಹುದು. ಆದರೆ ಎಲ್ಲ ಕೈದಿಗಳಿಗೂ ಅಷ್ಟು ತಿಳುವಳಿಕೆ, ಧೈರ್ಯ ಇರುವುದಿಲ್ಲ. ಹೆಚ್ಚಿನವರು ಏಟು ತಿಂದದ್ದನ್ನು ಹೇಳಿಕೊಳ್ಳುವುದು ಅಮ್ಮನಿಗೆ, ಹೆಂಡತಿಗೆ, ಅಣ್ಣನಿಗೆ. ವಿಷಯ ಹೊರಬರುವುದೇ ಆ ದಾರಿಯಲ್ಲಿ. ಅದನ್ನೂ ಮುಚ್ಚಿದರೆ ಆಮೇಲೆ ಯಾರು ಕೇಳುತ್ತಾರೆ?

ಅಧಿಕಾರ ಕೊಟ್ಟರೆ ಅದು ಎಲ್ಲಿಯವರೆಗೆ ಹೋಗುತ್ತದೆ ಎನ್ನುವುದಕ್ಕೆ 1960ರ ದಶಕದ ಒಂದು ಪ್ರಕರಣ ಸಾಕು. ಬಂಧನದಲ್ಲಿದ್ದ ಪ್ರಭಾಕರ ಪಾಂಡುರಂಗ ಸಂಝಗಿರಿ ಮರಾಠಿಯಲ್ಲಿ ಒಂದು ವಿಜ್ಞಾನದ ಪುಸ್ತಕ ಬರೆದರು, ಅಣುವಿನ ಬಗ್ಗೆ. ಹಸ್ತಪ್ರತಿಯನ್ನು ಮನೆಗೆ ಕಳಿಸಲು ಮಹಾರಾಷ್ಟ್ರ ಸರ್ಕಾರ ಬಿಡಲಿಲ್ಲ. ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆಲ್ಲಬೇಕಾಯಿತು. ವಿಜ್ಞಾನದ ಪುಸ್ತಕಕ್ಕೇ ಹೀಗಾದರೆ ದೂರಿನ ಪತ್ರದ ಪಾಡೇನು?

ಇನ್ನೊಂದು ಮಾತು. ಪತ್ರಕ್ಕೆ ಎರಡು ತುದಿ. ಹೊರಗಿರುವ ಅಮ್ಮ ಯಾವ ತಪ್ಪೂ ಮಾಡಿಲ್ಲ, ಅವಳಿಗೆ ಯಾವ ಶಿಕ್ಷೆಯೂ ಆಗಿಲ್ಲ. ಮಗನ ಮಾತು ಕೇಳುವ ಹಕ್ಕು ಅವಳದು. ಅಮೆರಿಕದ ಆ 1974ರ ತೀರ್ಪು ನಿಂತದ್ದೂ ಹೊರಗಿನವರ ಈ ಹಕ್ಕಿನ ಮೇಲೆಯೇ. ಕೈದಿಯ ಹಕ್ಕು ಎಷ್ಟು ಎಂಬ ಪ್ರಶ್ನೆಯನ್ನು ಕೋರ್ಟ್ ಆಗ ಪಕ್ಕಕ್ಕಿಟ್ಟಿತ್ತು. 1989ರಲ್ಲಿ ಅದೇ ಕೋರ್ಟ್, ಒಳಗೆ ಬರುವ ಕಾಗದಗಳಿಗಿಂತ ಹೊರಗೆ ಹೋಗುವ ಪತ್ರಗಳಿಂದ ಜೈಲಿಗೆ ಅಪಾಯ ಕಡಿಮೆ ಎಂದೂ ಹೇಳಿತು.

ಅಪ್ಪಟ ಬೆದರಿಕೆ ಇದ್ದರೆ ತಡೆಯಲಿ. ಆದರೆ ತಡೆದದ್ದನ್ನು ಬರೆದವನಿಗೆ ತಿಳಿಸಬೇಕು, ಕಾರಣ ಬರಹದಲ್ಲಿ ಕೊಡಬೇಕು. ಅವನು ಪ್ರಶ್ನಿಸಿದರೆ ಪತ್ರ ತಡೆದವರೇ ತೀರ್ಮಾನ ಹೇಳಬಾರದು, ಬೇರೊಬ್ಬ ಅಧಿಕಾರಿ ನೋಡಬೇಕು. ಸುಮ್ನೆ ಪತ್ರವನ್ನು ಡ್ರಾಯರಿಗೆ ಸೇರಿಸಿ, ಉತ್ತರವೇ ಬರಲಿಲ್ಲ ಎಂದು ಕೈದಿ ತಿಂಗಳುಗಟ್ಟಲೆ ಕಾಯುವಂತೆ ಮಾಡುವ ಅಧಿಕಾರ ಯಾರಿಗೂ ಇರಬಾರದು.