ನೆಲದಲ್ಲಿ ಹನಿಯಿಲ್ಲ ಎಂದರೆ ಸೋರಿಕೆ ಇಲ್ಲ ಎಂದಲ್ಲ

ಹಳೆಯ ಡೀಸೆಲ್ ಮೋಟಾರ್‌ಹೋಮ್ (ಮನೆಯಂತೆ ವಾಸಿಸಬಹುದಾದ ಗಾಡಿ) ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿದ್ದು, ಕೆಳಗೆ ಹನಿ ಕಾಣದಿದ್ದರೆ ಎಂಜಿನ್ನಿಗೆ ಭಾರೀ ಒತ್ತಡದಲ್ಲಿ ಡೀಸೆಲ್ ತಳ್ಳುವ ಇಂಜೆಕ್ಷನ್ ಪಂಪ್ ಕೆಟ್ಟಿದೆ ಎಂಬ ಮಾತು ಹರಿದಾಡುತ್ತಿದೆ. ದುಬಾರಿ ತಪ್ಪು ಇದು. ಟ್ಯಾಂಕಿನಿಂದ, ಡೀಸೆಲ್ ಎಳೆದು ಮುಂದಕ್ಕೆ ಕೊಡುವ ಲಿಫ್ಟ್ ಪಂಪ್‌ವರೆಗಿನ ಪೈಪಿನಲ್ಲಿ ಇರುವುದು ಒತ್ತಡವಲ್ಲ, ಎಳೆತ. ಅಲ್ಲಿ ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ನುಸುಳಿ ಸ್ಟಾರ್ಟ್ ಆಗುವುದು ಕಷ್ಟವಾಗುತ್ತದೆ. 1990ರ ದಶಕದ ಅಮೆರಿಕದ ಎಷ್ಟೋ ಗಾಡಿಗಳಲ್ಲಿ 5.9 ಲೀಟರ್ ಕಮಿನ್ಸ್ ಎಂಜಿನ್ ಹಿಂಬದಿಯಲ್ಲಿ, ಟ್ಯಾಂಕ್ ಬಹುದೂರ ಮುಂದೆ. ನಡುವಿನ ರಬ್ಬರ್ ತುಂಡುಗಳಿಗೂ ಗಾಡಿಯಷ್ಟೇ ವಯಸ್ಸು. ಲಿಫ್ಟ್ ಪಂಪಿಗೆ ಮುಂಚೆ ಡೀಸೆಲ್ ತಾಳುವ ಪಾರದರ್ಶಕ ಪೈಪನ್ನು ಗೇಣುದ್ದ ಸಿಕ್ಕಿಸಿ ನೋಡಿ. ಗುಳ್ಳೆಗಳು ಸಾಲಾಗಿ ಓಡಿದರೆ ಕಳ್ಳ ಸಿಕ್ಕಂತೆ. ಇಂಜೆಕ್ಷನ್ ಪಂಪಿನಿಂದ ಎಂಜಿನ್ನಿಗೆ ಹೋಗುವ ಇಂಜೆಕ್ಟರ್ ಪೈಪುಗಳ ಸೋರಿಕೆಯನ್ನು ಮಾತ್ರ ಬೆರಳಿನಿಂದ ಹುಡುಕಬೇಡಿ, ರಟ್ಟು ಹಿಡಿಯಿರಿ. ಅಲ್ಲಿನ ಭಾರೀ ಒತ್ತಡದ ಡೀಸೆಲ್ ಚರ್ಮವನ್ನೇ ತೂರಿ ಒಳಹೋಗುತ್ತದೆ.