ಗಾಳಿಯೂ ಹೋಗದಿದ್ದರೆ ಔಡಲೆಣ್ಣೆ ಬೇಡ

ಮೂರು ದಿನ ಸಂಡಾಸ್ ಆಗದಿದ್ದರೆ ರಾತ್ರಿ ಔಡಲೆಣ್ಣೆ ಕುಡಿದು ಮಲಗಿ ಎಂದು ಮಲಬದ್ಧತೆ ಬಗ್ಗೆ ನೀವು ಹಾಕಿದ ಲೇಖನದಲ್ಲಿದೆ. ಬರೀ ಮಲಬದ್ಧತೆ ಆದರೆ ಸರಿ. ಕರುಳೇ ಕಟ್ಟಿಕೊಂಡಿದ್ದರೆ? ಆ ವ್ಯತ್ಯಾಸ ಹೇಳಲೇಬೇಕಿತ್ತು.

ಗದಗ ಹತ್ತಿರದ ನಮ್ಮೂರಲ್ಲಿ ನಮ್ಮವ್ವನಿಗೆ ಹೊಟ್ಟೆ ಉಬ್ಬಿ ಡೊಳ್ಳಿನಂತಾಗಿತ್ತು. ನೋವು ಹಿಂಡಿ ಹಿಂಡಿ ಬರುತ್ತಿತ್ತು, ಗಾಳಿಯೂ ಹೋಗುತ್ತಿರಲಿಲ್ಲ. ನಾವೇ ಔಡಲೆಣ್ಣೆ ಕುಡಿಸಿದೆವು. ನೋವು ಇನ್ನೂ ಜಾಸ್ತಿಯಾಗಿ ಹಸಿರು ವಾಂತಿ ಶುರುವಾಯಿತು. ಹುಬ್ಬಳ್ಳಿಗೆ ಒಯ್ದಾಗ ಸ್ಕ್ಯಾನ್‌ನಲ್ಲಿ ಗೊತ್ತಾಯಿತು: ಎಷ್ಟೋ ವರ್ಷದ ಹಿಂದೆ ಗರ್ಭಕೋಶ ತೆಗೆಸಿದ್ದರಲ್ಲ, ಆಗಿನ ಗಾಯ ಮಾಯುವಾಗ ಒಳಗೆ ಬೆಳೆದ ಎಳೆಗಳಿಗೆ ಸಣ್ಣ ಕರುಳು ಸಿಕ್ಕಿಕೊಂಡಿತ್ತು. ಸಣ್ಣ ಕರುಳು ಕಟ್ಟಲು ಹೆಚ್ಚಾಗಿ ಇದೇ ಕಾರಣ. ನಮ್ಮ ಕಡೆ ಗರ್ಭಕೋಶ ತೆಗೆಸಿಕೊಂಡ ಹೆಂಗಸರು ಮನೆಗೊಬ್ಬರು ಇದ್ದಾರೆ, ಇದನ್ನು ಯಾರೂ ಅವರಿಗೆ ಹೇಳಿರುವುದಿಲ್ಲ.

ಬಾಯಿಗೆ ಏನೂ ಕೊಡದೆ, ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿ ಒಳಗೆ ತುಂಬಿದ್ದನ್ನು ಹೊರಗೆ ತೆಗೆದರು, ಕೈಗೆ ಸಲೈನ್ ಏರಿಸಿದರು. 4ನೇ ದಿನ ಗಾಳಿ ಹೋಯಿತು, ಆಪರೇಷನ್ ಬೇಕಾಗಲಿಲ್ಲ. ಕರುಳಿಗೆ ಹೋಗುವ ರಕ್ತ ನಿಂತಿದ್ದರೆ ಕರುಳು ಕೊಳೆತು ಜೀವಕ್ಕೇ ಕುತ್ತು ಬರುತ್ತಿತ್ತು.

ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಎಣ್ಣೆ, ಜುಲಾಬಿನ ಗುಳಿಗೆ ಯಾವುದೂ ಬೇಡ, ತಕ್ಷಣ ಆಸ್ಪತ್ರೆಗೆ ಹೋಗಿ ಎಂಬ ಸಾಲನ್ನು ದಯವಿಟ್ಟು ಲೇಖನಕ್ಕೆ ಸೇರಿಸಿ.